ಬೆಳ್ಳಿ ರೂಪಾಯಿ ಮಾಯವಾದ ಕಾಲ

ಕೋವಿಡ್ ಇಳಿಮುಖವಾದ ಮೇಲೆ, 2022ರ ಏಪ್ರಿಲ್‌ನಲ್ಲಿ, ನಮ್ಮ ದೇಶದ ಚಿಲ್ಲರೆ ಹಣದುಬ್ಬರ ಶೇಕಡ 7.79ಕ್ಕೆ ಏರಿತು. ಅಡುಗೆ ಎಣ್ಣೆ ದುಬಾರಿಯಾಯಿತು. ಕಾರಿಗೆ ಮುಂಗಡ ಕೊಟ್ಟವರು ಚಿಪ್ ಸಿಗುತ್ತಿಲ್ಲವೆಂಬ ಉತ್ತರ ಕೇಳುತ್ತ ತಿಂಗಳುಗಟ್ಟಲೆ ಕಾದರು. ಸರ್ಕಾರಗಳ ಸಾಲವೂ ಬೆಳೆದಿತ್ತು. ಇಂಥ ಕಾಲವನ್ನು ಹಿಂದೆ ಯಾರೂ ಕಂಡಿಲ್ಲ ಎಂದು ಹಲವರು ಹೇಳಿದರು. ಆದರೆ ಈ ದೇಶ ಕಂಡಿತ್ತು. ನೂರು ವರ್ಷಗಳ ಹಿಂದೆ, ಇದಕ್ಕಿಂತ ಎಷ್ಟೋ ಪಾಲು ಕ್ರೂರವಾಗಿ.

ಆ ಕಥೆ ಒಂದು ಕಾಗದದ ಚೂರಿನಿಂದ ಶುರುವಾಗುತ್ತದೆ. 1917ರ ನವೆಂಬರ್ 30ರಂದು ಭಾರತ ಸರ್ಕಾರ ಮೊದಲ ಬಾರಿಗೆ ಒಂದು ರೂಪಾಯಿಯ ನೋಟನ್ನು ಹೊರತಂದಿತು. ಅಲ್ಲಿಯವರೆಗೆ ಹಳ್ಳಿಯವನಿಗೆ ರೂಪಾಯಿ ಎಂದರೆ ಬೆಳ್ಳಿ. ತೂಕ 180 ಗ್ರೇನ್, ಅದರಲ್ಲಿ ಹನ್ನೆರಡರಲ್ಲಿ ಹನ್ನೊಂದು ಪಾಲು ಶುದ್ಧ ಬೆಳ್ಳಿ. ಕಲ್ಲಿನ ಮೇಲೆ ಕುಟ್ಟಿ ಸದ್ದು ಕೇಳಿ ತೆಗೆದುಕೊಳ್ಳುವ ವಸ್ತು ಅದು. ಸಾಮಾನ್ಯರು ನೋಟನ್ನು ನಂಬಲಾರರೆಂದು ಸರ್ಕಾರಕ್ಕೂ ಗೊತ್ತಿದ್ದಿರಬೇಕು. ಹೊಸ ನೋಟಿನ ಮೇಲೆ ಐದನೆಯ ಜಾರ್ಜ್ ದೊರೆಯ ತಲೆಯಿದ್ದ ಬೆಳ್ಳಿ ನಾಣ್ಯದ ಚಿತ್ರವನ್ನೇ ಅಚ್ಚು ಹಾಕಿಸಿತು!

ಬೆಳ್ಳಿ ಎಲ್ಲಿ ಹೋಯಿತು? ಮೊದಲ ಮಹಾಯುದ್ಧದಲ್ಲಿ ಬ್ರಿಟನ್ ಇಲ್ಲಿಂದ ಸೆಣಬು, ಗೋಧಿ, ಚರ್ಮಗಳನ್ನು ಅಪಾರವಾಗಿ ಕೊಂಡಿತು. ಅದರ ಲೆಕ್ಕ ಲಂಡನ್ನಿನಲ್ಲಿ ಪೌಂಡಿನಲ್ಲಿ ಜಮೆಯಾಗುತ್ತಿತ್ತು. ಇಲ್ಲಿ ಮಾಲು ಕೊಟ್ಟವರಿಗೆ ಮಾತ್ರ ರೂಪಾಯಿ ಎಣಿಸಿಕೊಡಬೇಕಿತ್ತು. ಅದಕ್ಕೆ ಬೆಳ್ಳಿ ಬೇಕು. ಬೆಳ್ಳಿಯ ಬೆಲೆಯೋ, 1915ರಲ್ಲಿ ಔನ್ಸಿಗೆ 27 ಪೆನ್ಸ್ ಸುಮಾರಿಗಿದ್ದದ್ದು 1917ರ ಆಗಸ್ಟ್ ವೇಳೆಗೆ 43 ಪೆನ್ಸ್ ಮುಟ್ಟಿತು. ಈ 43 ಎಂಬ ಅಂಕಿಯಲ್ಲಿ ಒಂದು ಗುಟ್ಟಿದೆ. ಆಗ ರೂಪಾಯಿಯ ವಿನಿಮಯ ಬೆಲೆ 16 ಪೆನ್ಸ್. ಬೆಳ್ಳಿ 43 ಪೆನ್ಸ್ ದಾಟಿದರೆ ನಾಣ್ಯದೊಳಗಿನ ಲೋಹಕ್ಕೇ ಅದಕ್ಕಿಂತ ಹೆಚ್ಚು ಬೆಲೆ. ಕರಗಿಸಿದವನಿಗೆ ಲಾಭ, ಚಲಾಯಿಸಿದವನಿಗೆ ನಷ್ಟ. ನಾಣ್ಯ ಕರಗಿಸಬಾರದೆಂದು ಆ ವರ್ಷವೇ ಕಾನೂನು ಬಂತು. ಗಡಿಗೆಗಳಲ್ಲಿ ಹೂತಿಟ್ಟ ಹಣಕ್ಕೆ ಕಾನೂನು ಏನು ಮಾಡೀತು?

1918ರಲ್ಲಿ ಅಮೆರಿಕ ತನ್ನ ಪಿಟ್‌ಮನ್ ಕಾಯಿದೆಯ ಮೂಲಕ ಬೆಳ್ಳಿ ಡಾಲರುಗಳನ್ನು ಕರಗಿಸಿ ಭಾರತಕ್ಕೆ 20 ಕೋಟಿ ಔನ್ಸ್ ಬೆಳ್ಳಿ ಮಾರಿತು. ಇಲ್ಲದಿದ್ದರೆ ನೋಟಿಗೆ ಬದಲು ಬೆಳ್ಳಿ ಕೊಡುವ ಸರ್ಕಾರದ ಮಾತು ಮುರಿದುಬೀಳುತ್ತಿತ್ತು. ಎರಡಾಣೆ, ನಾಲ್ಕಾಣೆ, ಎಂಟಾಣೆಗಳು ನಿಕ್ಕಲಿಗೆ ಇಳಿದವು. 1914ರಲ್ಲಿ 66 ಕೋಟಿ ರೂಪಾಯಿಯಷ್ಟಿದ್ದ ನೋಟುಗಳ ಚಲಾವಣೆ 1919ರ ಮಾರ್ಚ್ ವೇಳೆಗೆ 153 ಕೋಟಿ ದಾಟಿತು. ಅಷ್ಟೇ ಪ್ರಮಾಣದಲ್ಲಿ ಮಾಲು ಹೆಚ್ಚಿದ್ದರೆ ಚಿಂತೆಯಿರಲಿಲ್ಲ. ಮಾಲು ಕಡಿಮೆಯಾಗುತ್ತಿತ್ತು. ಹಳ್ಳಿಗಳಲ್ಲಿ ಕಾಗದದ ರೂಪಾಯಿಗೆ ವಟ್ಟ ಹಿಡಿದೇ ಸಾಮಾನು ಕೊಡುತ್ತಿದ್ದರು.

ಈ ಹೊತ್ತಿಗೆ ಜ್ವರ ಬಂತು. 1918ರ ಜೂನ್‌ನಲ್ಲಿ ಮುಂಬಯಿ ಬಂದರಿನಲ್ಲಿ ಕಾಣಿಸಿಕೊಂಡ ಇನ್‌ಫ್ಲುಯೆಂಜಾ ಸೆಪ್ಟೆಂಬರ್ ನಂತರ ಮಾರಕ ರೂಪ ತಾಳಿ ರೈಲು ಹಳಿಗಳ ಗುಂಟ ದೇಶವನ್ನೆಲ್ಲ ಹಬ್ಬಿತು. ಅದೇ ವರ್ಷ ಮುಂಗಾರು ಕೈಕೊಟ್ಟಿತ್ತು. ಸತ್ತವರ ಸಂಖ್ಯೆ 1.2 ಕೋಟಿಗೆ ಕಡಿಮೆಯಿಲ್ಲ ಎಂದು ಅಂದಾಜು; ಇನ್ನೂ ಬಹಳ ಹೆಚ್ಚೆನ್ನುವ ಲೆಕ್ಕಗಳೂ ಇವೆ. ಇಂದಿನ ಕರ್ನಾಟಕದ ಗಡಿಯೊಳಗೆ 1911ರಲ್ಲಿ 1 ಕೋಟಿ 35 ಲಕ್ಷ ಜನರಿದ್ದರು. 1921ರ ಜನಗಣತಿಯಲ್ಲಿ ಆ ಸಂಖ್ಯೆ ಒಂದೂವರೆ ಲಕ್ಷದಷ್ಟು ಕುಸಿದಿತ್ತು. ಸತ್ತವರಲ್ಲಿ ಹರೆಯದವರೇ ಬಹಳ. ಉಳುವ, ಕೊಯ್ಯುವ, ಒಕ್ಕುವ ಕೈಗಳು ಅವು.

ಅಭಾವವನ್ನು ಜ್ವರವೊಂದರ ತಲೆಗೇ ಕಟ್ಟುವುದು ನ್ಯಾಯವಲ್ಲ. ಹಳಿ, ಎಂಜಿನ್ನುಗಳು ಮೆಸಪೊಟೇಮಿಯದ ಯುದ್ಧರಂಗಕ್ಕೆ ಹೋಗಿದ್ದವು. ಧಾನ್ಯವಿದ್ದ ಕಡೆಯಿಂದ ಇಲ್ಲದ ಕಡೆಗೆ ಸಾಗಿಸಲು ವ್ಯಾಗನ್ ಸಿಗುತ್ತಿರಲಿಲ್ಲ. ಮ್ಯಾಂಚೆಸ್ಟರಿನ ಬಟ್ಟೆ ಬರುವುದು ಕಡಿಮೆಯಾಗಿ ಧೋತರ, ಸೀರೆಗಳ ಬೆಲೆ ಬಡವರ ಕೈಗೆಟುಕದಾಯಿತು. ಬಡವರಿಗೆಂದೇ ಅಗ್ಗದ ಬಟ್ಟೆ ನೇಯಿಸಲು 1918ರಲ್ಲಿ ಒಂದು ಕಾಯಿದೆಯನ್ನೇ ಮಾಡಬೇಕಾಯಿತು. ಸೀಮೆಎಣ್ಣೆ, ಉಪ್ಪುಗಳಿಗೂ ಪರದಾಟ. ಮದರಾಸು ಪ್ರಾಂತದಲ್ಲಿ ಆ ವರ್ಷ ಜನ ಧಾನ್ಯದ ಅಂಗಡಿಗಳಿಗೆ ನುಗ್ಗಿದರು. ಕೋಪವೆಲ್ಲ ಎದುರಿಗಿದ್ದ ವರ್ತಕನ ಮೇಲೆ. ವರ್ತಕ ಸಾಧುವೇನಲ್ಲ, ದಾಸ್ತಾನು ಬಚ್ಚಿಟ್ಟವರು ಇದ್ದರು. ಆದರೆ ನೋಟು ಅಚ್ಚು ಹಾಕಿದ್ದು, ವ್ಯಾಗನ್ನುಗಳನ್ನು ಯುದ್ಧಕ್ಕೆ ಮೀಸಲಿಟ್ಟದ್ದು ಅವನಲ್ಲ.

ಇನ್ನು ಸಾಲದ ಮಾತು. 1917ರಲ್ಲಿ ಭಾರತ ಸರ್ಕಾರ ಬ್ರಿಟನ್ನಿನ ಯುದ್ಧವೆಚ್ಚಕ್ಕೆ 10 ಕೋಟಿ ಪೌಂಡುಗಳ ‘ಕಾಣಿಕೆ’ ಘೋಷಿಸಿತು. ಹೆಚ್ಚು ಕಡಿಮೆ ತನ್ನ ಒಂದು ವರ್ಷದ ವರಮಾನದಷ್ಟು! ಕೈಯಲ್ಲಿ ಇಲ್ಲದ ಹಣದ ಕಾಣಿಕೆ. ಸಾಲ ಎತ್ತಿ, ಬಡ್ಡಿ ಹೊತ್ತು ಕೊಡಬೇಕಾದದ್ದು. ಯುದ್ಧ ಮುಗಿದ ಮೇಲೂ ಸರ್ಕಾರದ ಮುಂಗಡಪತ್ರ 1918ರಿಂದ ಐದು ವರ್ಷ ಸತತವಾಗಿ ಕೊರತೆಯನ್ನೇ ತೋರಿಸಿತು.

ಇದರ ನಡುವೆ ಇನ್ನೊಂದು ಎಡವಟ್ಟು. ಬೆಳ್ಳಿಯ ಬೆಲೆ 1920ರ ಫೆಬ್ರುವರಿಯಲ್ಲಿ ಔನ್ಸಿಗೆ 89 ಪೆನ್ಸ್‌ಗೆ ಹಾರಿತ್ತು. ಬ್ಯಾಬಿಂಗ್ಟನ್ ಸ್ಮಿತ್ ಸಮಿತಿಯ ಮಾತು ಕೇಳಿ ಸರ್ಕಾರ ರೂಪಾಯಿಯನ್ನು ಚಿನ್ನದ ಲೆಕ್ಕದಲ್ಲಿ ಎರಡು ಶಿಲಿಂಗಿಗೆ ಏರಿಸಿತು. ಒಂದು ಸಾವರಿನ್ನಿಗೆ 15 ರೂಪಾಯಿ ಎಣಿಸುತ್ತಿದ್ದ ಕಡೆ ಇನ್ನು 10 ರೂಪಾಯಿ. ಹೊರದೇಶಕ್ಕೆ ಹೋಗುವ ಬೆಳೆಯನ್ನು ಮಾರುವ ರೈತನಿಗೆ ಇದು ನೇರ ಹೊಡೆತ. ಸಮಿತಿಯಲ್ಲಿದ್ದ ಏಕೈಕ ಭಾರತೀಯ ದಾದಿಬಾ ಮೆರ್ವಾಂಜಿ ದಲಾಲ್ ಒಬ್ಬರೇ ಇದನ್ನು ವಿರೋಧಿಸಿ ಪ್ರತ್ಯೇಕ ವರದಿ ಬರೆದರು. ಅವರ ಮಾತಿಗೆ ಬೆಲೆ ಸಿಗಲಿಲ್ಲ. ಕೃತಕ ದರವನ್ನು ಎತ್ತಿಹಿಡಿಯಲು ಲಂಡನ್ನಿನಲ್ಲಿ ಭಾರತದ ಲೆಕ್ಕದಲ್ಲಿದ್ದ ಐದೂವರೆ ಕೋಟಿ ಪೌಂಡುಗಳಷ್ಟು ಹಣವನ್ನು ಅಗ್ಗವಾಗಿ ಮಾರಲಾಯಿತು. ಆದರೂ ರೂಪಾಯಿ ವರ್ಷದೊಳಗೇ ಕುಸಿಯಿತು.

ಬೆಲೆಯೇರಿಕೆಯ ಎದುರು ಕೂಲಿಗಾರ ಏನು ಮಾಡಿದ ಎಂಬುದಕ್ಕೆ ಅಹಮದಾಬಾದು ಸಾಕ್ಷಿ. 1917ರಲ್ಲಿ ಪ್ಲೇಗಿಗೆ ಹೆದರಿ ಕೆಲಸಗಾರರು ಓಡಿಹೋಗದಿರಲೆಂದು ಅಲ್ಲಿನ ಬಟ್ಟೆ ಗಿರಣಿಗಳು ‘ಪ್ಲೇಗ್ ಬೋನಸ್’ ಕೊಟ್ಟವು. ಪ್ಲೇಗು ಇಳಿಯಿತು, ಬೋನಸ್ ನಿಂತಿತು, ಬೆಲೆ ಮಾತ್ರ ಇಳಿಯಲಿಲ್ಲ. 1918ರ ಮಾರ್ಚ್‌ನಲ್ಲಿ ಗಾಂಧೀಜಿ ಉಪವಾಸ ಕೂತದ್ದು ಈ ವ್ಯಾಜ್ಯದಲ್ಲಿಯೇ. ಮಧ್ಯಸ್ಥರಾಗಿದ್ದ ಪ್ರೊಫೆಸರ್ ಆನಂದಶಂಕರ ಧ್ರುವ ಕಡೆಗೆ ಶೇಕಡ 35ರ ಏರಿಕೆಯ ತೀರ್ಪು ಕೊಟ್ಟರು. ಒಟ್ಟಾಗಿ ನಿಲ್ಲಬಲ್ಲವರಿಗೆ ಇಷ್ಟಾದರೂ ದಕ್ಕಿತು. ಹೊಲದ ಕೂಲಿಗೆ ಅಂಥ ಸಂಘವೂ ಇರಲಿಲ್ಲ, ಮಧ್ಯಸ್ಥನೂ ಇರಲಿಲ್ಲ.

ಕೊರತೆಯ ಬಾಕಿ ತೀರಿಸಲು 1923ರಲ್ಲಿ ಸರ್ಕಾರ ಕೈಯಿಟ್ಟದ್ದು ಉಪ್ಪಿನ ಮೇಲೆ. ಮಣಕ್ಕೆ ಒಂದೂಕಾಲು ರೂಪಾಯಿ ಇದ್ದ ತೆರಿಗೆಯನ್ನು ಎರಡೂವರೆಗೆ ಏರಿಸುವ ಪ್ರಸ್ತಾಪವನ್ನು ಕೇಂದ್ರ ಶಾಸನಸಭೆ ತಳ್ಳಿಹಾಕಿತು. ವೈಸರಾಯ್ ಲಾರ್ಡ್ ರೀಡಿಂಗ್ ತಮ್ಮ ವಿಶೇಷಾಧಿಕಾರ ಬಳಸಿ ಅದನ್ನು ಜಾರಿಗೆ ತಂದರು. ಮರುವರ್ಷ ತೆರಿಗೆ ಮತ್ತೆ ಒಂದೂಕಾಲಕ್ಕೆ ಇಳಿಯಿತು. 1926ರ ಆರಂಭದಿಂದ ಒಂದು ರೂಪಾಯಿಯ ನೋಟನ್ನೂ ನಿಲ್ಲಿಸಲಾಯಿತು. ಅದು ಮರಳಿ ಬಂದದ್ದು 1940ರಲ್ಲಿ, ಇನ್ನೊಂದು ಮಹಾಯುದ್ಧ ಶುರುವಾದ ಮೇಲೆ.