ಹೃದಯದ ಕತೆಗಳು, ಭಾಗ 3: ಸ್ಟೂಲ್ ಮೇಲೆ ನಿಂತಿದ್ದ ಮನುಷ್ಯ

ಮೊನ್ನೆ ಕ್ಲಾಸಲ್ಲಿ ಪೇರೋಲ್ ಪಾಠ ನಡೀತಿತ್ತು. ಹೆಸರು, ಹುದ್ದೆ, ಸಂಬಳ, ಸಹಿ. ನನ್ನ ತಲೆಯಲ್ಲಿ ಮಾತ್ರ ಒಬ್ಬರೇ ಓಡ್ತಿದ್ರು: ವಿವಿಯನ್ ಥಾಮಸ್. ಅಮೆರಿಕದ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ಸಂಬಳದ ಪುಸ್ತಕದಲ್ಲಿ ಅವರ ಹುದ್ದೆ ಜಾನಿಟರ್, ಅಂದ್ರೆ ಗುಡಿಸಿ ಒರೆಸುವವರು. ಮಾಡ್ತಿದ್ದದ್ದು ಸರ್ಜರಿಯ ಸಂಶೋಧನೆ.

ಥಾಮಸ್ ಹುಟ್ಟಿದ್ದು 1910ರಲ್ಲಿ. ಕಪ್ಪು ಜನಾಂಗದವರು, ನ್ಯಾಶ್‌ವಿಲ್‌ನಲ್ಲಿ ಬಡಗಿ ಕೆಲಸ. ಡಾಕ್ಟರಾಗಬೇಕು ಅಂತ ದುಡ್ಡು ಕೂಡಿಡ್ತಿದ್ರು. ನಾವು ಎಕನಾಮಿಕ್ಸಲ್ಲಿ ಎರಡು ಮಾರ್ಕ್ಸಿಗೆ ಬರೀತೀವಲ್ಲ, ಮಹಾ ಆರ್ಥಿಕ ಕುಸಿತ ಅಂತ? ಅದರಲ್ಲಿ ಬ್ಯಾಂಕ್ ಮುಳುಗಿತು, ಉಳಿತಾಯವೂ ಹೋಯ್ತು. 1930ರಲ್ಲಿ ಸರ್ಜನ್ ಆಲ್‌ಫ್ರೆಡ್ ಬ್ಲೇಲಾಕ್ ಅವರ ಲ್ಯಾಬಿಗೆ ಸಹಾಯಕರಾಗಿ ಸೇರಿದರು. 1941ರಲ್ಲಿ ಇಬ್ಬರೂ ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್‌ಗೆ ಬಂದರು.

ಅಲ್ಲಿ ಮಕ್ಕಳ ಹೃದಯದ ಡಾಕ್ಟರ್ ಹೆಲೆನ್ ಟೌಸಿಗ್ ಇದ್ದರು. ಕಿವಿ ಸರಿಯಾಗಿ ಕೇಳ್ತಿರಲಿಲ್ಲ, ಹಾಗಾಗಿ ಮಕ್ಕಳ ಎದೆ ಮೇಲೆ ಬೆರಳಿಟ್ಟು ಹೃದಯ ಬಡಿತ ತಿಳಿದುಕೊಳ್ತಿದ್ರು! ಅವರ ಮುಂದಿದ್ದದ್ದು ‘ನೀಲಿ ಮಕ್ಕಳ’ ಸಮಸ್ಯೆ. ಹೃದಯದಲ್ಲಿ ಹುಟ್ಟಿನಿಂದಲೇ ದೋಷ, ಶ್ವಾಸಕೋಶಕ್ಕೆ ಸಾಕಷ್ಟು ರಕ್ತ ಹೋಗಲ್ಲ, ತುಟಿ, ಉಗುರು ಎಲ್ಲ ನೀಲಿ. ಶ್ವಾಸಕೋಶಕ್ಕೆ ಇನ್ನೊಂದು ದಾರಿಯಲ್ಲಿ ರಕ್ತ ಕಳಿಸೋಕೆ ಆಗಲ್ವಾ ಅನ್ನೋದು ಟೌಸಿಗ್ ಪ್ರಶ್ನೆ.

ತಮಾಷೆ ನೋಡಿ, ಉತ್ತರ ಇವರ ಹಳೇ ಸೋಲಿನಲ್ಲೇ ಇತ್ತು. ಕೈಗೆ ಹೋಗುವ ರಕ್ತನಾಳವನ್ನು ಶ್ವಾಸಕೋಶದ ನಾಳಕ್ಕೆ ಹೊಲಿಯೋದನ್ನ ವ್ಯಾಂಡರ್‌ಬಿಲ್ಟ್‌ನಲ್ಲೇ ಬೇರೆ ಯಾವುದೋ ಪ್ರಯೋಗಕ್ಕೆ ಮಾಡಿ, ಅಂದುಕೊಂಡ ಫಲ ಬರದೆ ಬಿಟ್ಟಿದ್ರು. ಈಗ ಅದೇ ಹೊಲಿಗೆಯನ್ನ ಥಾಮಸ್ ನಾಯಿಗಳ ಮೇಲೆ ಮತ್ತೆ ಮತ್ತೆ ಮಾಡಿ ಪಳಗಿಸಿದರು. ಸುಮಾರು 200 ನಾಯಿಗಳು. (ಇದನ್ನ ಓದುವಾಗ ನನಗೂ ಕಸಿವಿಸಿ ಆಯ್ತು. ಬಹಳ ದಿನ ಬದುಕಿದ ಮೊದಲ ನಾಯಿ ಆನಾಳ ಚಿತ್ರವನ್ನಂತೂ ಹಾಪ್ಕಿನ್ಸ್‌ನಲ್ಲಿ ತೂಗುಹಾಕಿದ್ದಾರೆ.) ಮಕ್ಕಳ ನಾಳಕ್ಕೆ ಹೊಂದುವ ಸಣ್ಣ ಸೂಜಿ ಇರಲಿಲ್ಲ. ಇದ್ದ ಸೂಜಿಗಳನ್ನೇ ಥಾಮಸ್ ತುಂಡು ಮಾಡಿ, ಉಜ್ಜಿ ಚೂಪು ಮಾಡಿದರು. ಬಡಗಿ ಕೈ ಅಲ್ವಾ!

1944 ನವೆಂಬರ್ 29. 15 ತಿಂಗಳ ಐಲೀನ್, ತೂಕ ಸುಮಾರು 4 ಕೆಜಿ ಅಷ್ಟೇ. ಕತ್ತಿ ಹಿಡಿದದ್ದು ಬ್ಲೇಲಾಕ್. ಆದರೆ ಈ ಹೊಲಿಗೆಯಲ್ಲಿ ಅವರಿಗಿಂತ ಪಳಗಿದ ಕೈ ಥಾಮಸ್‌ದು. ಅದಕ್ಕೇ ಅವರನ್ನ ಕರೆಸಿ ತಮ್ಮ ಬೆನ್ನ ಹಿಂದೆ ಸ್ಟೂಲ್ ಮೇಲೆ ನಿಲ್ಲಿಸಿಕೊಂಡರು. ಹೊಲಿಗೆ ಯಾವ ಕಡೆಯಿಂದ ಹೋಗಬೇಕು, ಎಷ್ಟು ಅಂತರ, ಎಲ್ಲ ಭುಜದ ಮೇಲಿಂದ ಬಂದ ಮಾತು. ಐಲೀನ್ ಬಹಳ ದಿನ ಉಳಿಯಲಿಲ್ಲ. ಮೂರನೆಯದು 6 ವರ್ಷದ ಹುಡುಗ. ನಾಳ ತೆರೆದಾಗ ಆಪರೇಷನ್ ಟೇಬಲ್ ಮೇಲೇ ಅವನ ತುಟಿ ಕೆಂಪಾಯ್ತು. ಆಮೇಲೆ ದೇಶ ವಿದೇಶದಿಂದ ಅಪ್ಪ ಅಮ್ಮಂದಿರು ಮಕ್ಕಳನ್ನ ಎತ್ತಿಕೊಂಡು ಬಾಲ್ಟಿಮೋರ್‌ಗೆ ಬಂದರು.

1945ರಲ್ಲಿ ಪ್ರಬಂಧ ಪ್ರಕಟವಾಯ್ತು. ಬರೆದವರು: ಬ್ಲೇಲಾಕ್, ಟೌಸಿಗ್. ಮೂರನೇ ಹೆಸರಿಲ್ಲ. ಅದೇ ಮೂರನೆಯವರು ಖರ್ಚು ತೂಗಿಸೋಕೆ ಬ್ಲೇಲಾಕ್ ಮನೆಯ ಪಾರ್ಟಿಗಳಲ್ಲಿ ಡ್ರಿಂಕ್ಸ್ ಹಂಚ್ತಿದ್ರು. ಸುತ್ತ ನಿಂತ ಅತಿಥಿಗಳಲ್ಲಿ ಹಗಲು ಇವರ ಹತ್ತಿರವೇ ಹೊಲಿಗೆ ಕಲಿತ ಯುವ ಡಾಕ್ಟರುಗಳೂ ಇರ್ತಿದ್ರು. ಈ ಸಾಲು ಓದಿದ ದಿನ ನಾನು ಪುಸ್ತಕ ಮುಚ್ಚಿಟ್ಟು ಸುಮ್ಮನೆ ಕೂತಿದ್ದೆ.

ಆ ಶಿಷ್ಯರೇ ಮುಂದೆ ದುಡ್ಡು ಹಾಕಿ ಅವರ ಭಾವಚಿತ್ರ ಬರೆಸಿದರು. ಅದು ಈಗ ಬ್ಲೇಲಾಕ್ ಚಿತ್ರದ ಜೊತೆಗಿದೆ. 1976ರಲ್ಲಿ ಹಾಪ್ಕಿನ್ಸ್ ಗೌರವ ಡಾಕ್ಟರೇಟ್ ಕೊಟ್ಟಿತು, ಅದೂ ಕಾನೂನಿನದು, ವೈದ್ಯಕೀಯದ್ದಲ್ಲ! ಆಪರೇಷನ್‌ನ ಹೆಸರಲ್ಲಿ ಈಗ ಕೆಲವರು ಥಾಮಸ್‌ನೂ ಸೇರಿಸಿ ಹೇಳ್ತಾರೆ: ಬ್ಲೇಲಾಕ್–ಥಾಮಸ್–ಟೌಸಿಗ್.

ಭಾಗ 4: ಇದೇ ಹಾಪ್ಕಿನ್ಸ್‌ನಲ್ಲಿ ಹೃದಯದ ಡಾಕ್ಟರಾಗಿದ್ದು, 1969ರಲ್ಲೇ ಮನುಷ್ಯನ ಜೀನ್‌ಗಳದ್ದೆಲ್ಲ ನಕ್ಷೆ ಮಾಡೋಣ ಅಂದ ವಿಕ್ಟರ್ ಮೆಕ್ಯುಸಿಕ್. ಭಾನುವಾರ ಹಾಕ್ತೀನಿ, ಇಂಟರ್ನಲ್ಸ್ ಬಿಟ್ರೆ.