ಬಳ್ಳಿಗಾವೆಯ ಮಠವೂ ಕಿವಿಯೊಳಗಣ ನಾದವೂ

ಹೊರಗೆ ಯಾವ ಸದ್ದೂ ಇಲ್ಲದಿರುವಾಗ ಕಿವಿಯಲ್ಲಾಗಲಿ ತಲೆಯಲ್ಲಾಗಲಿ ಎಡೆಬಿಡದೆ ಕೇಳಿಬರುವ ಧ್ವನಿಯನ್ನು ನಮ್ಮ ಪ್ರಾಚೀನ ವೈದ್ಯಗ್ರಂಥಗಳು ಕರ್ಣನಾದವೆಂದು ಕರೆದಿವೆ. ಆಡುಮಾತಿನಲ್ಲಿ ಅದು ಕಿವಿಮೊರೆತ. ಪಾಶ್ಚಾತ್ಯ ವೈದ್ಯರ ‘ಟಿನಿಟಸ್’ ಎಂಬ ಶಬ್ದವಾದರೂ ಕಿಣಿಕಿಣಿಸು ಎಂಬರ್ಥದ ಲ್ಯಾಟಿನ್ ಧಾತುವಿನಿಂದ ಹುಟ್ಟಿದುದೇ. ವೈದ್ಯಶಾಸ್ತ್ರಕ್ಕೆ ಸೇರಿದ ಈ ವಿಷಯದಲ್ಲಿ ಚರಿತ್ರೆಯ ವಿದ್ಯಾರ್ಥಿಗೆ ಏನು ಕೆಲಸವೆಂದು ವಾಚಕರು ಕೇಳಬಹುದು. ಕಾರಣವಿಷ್ಟೆ: ಗಾಯವನ್ನು ವೈದ್ಯನು ಕಣ್ಣಾರೆ ಕಾಣುತ್ತಾನೆ, ಜ್ವರವನ್ನು ಕೈಮುಟ್ಟಿ ತಿಳಿಯುತ್ತಾನೆ, ಈ ಧ್ವನಿಗಾದರೋ ಬಹುತೇಕ ಕೇಳುವವನೊಬ್ಬನೇ ಸಾಕ್ಷಿ. ಅವನು ಅದನ್ನು ಇನ್ನೊಬ್ಬನಿಗೆ ತಿಳಿಸಬೇಕಾದರೆ ‘ಇಂಥದರಂತೆ’ ಎನ್ನುವುದೊಂದೇ ದಾರಿ. ಉಪಮಾನವೆಂಬುದು ಕಾಲದೇಶಗಳಿಗೆ ಅಧೀನವಾದುದು. ಆದುದರಿಂದ ಅದಕ್ಕೊಂದು ಚರಿತ್ರೆಯುಂಟು. ಆ ಚರಿತ್ರೆಯ ಒಂದು ಪುಟವನ್ನು ಇಂದಿನ ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳ ನೆಲದಲ್ಲಿ ನಿಂತು ಓದಲು ಸಾಧ್ಯವೆಂಬುದನ್ನು ತೋರಿಸುವುದೇ ಪ್ರಕೃತ ಲೇಖನದ ಉದ್ದೇಶ.

ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯು ಕಲ್ಯಾಣದ ಚಾಲುಕ್ಯರ ಮತ್ತು ಕಳಚುರಿಗಳ ಕಾಲದಲ್ಲಿ ಬನವಾಸಿ ಹನ್ನಿರ್ಚ್ಛಾಸಿರ ನಾಡಿನ ಮುಖ್ಯ ಪಟ್ಟಣವಾಗಿತ್ತು. ದಕ್ಷಿಣಕೇದಾರವೆಂದು ಪ್ರಸಿದ್ಧವಾದ ಕೇದಾರೇಶ್ವರ ದೇವಾಲಯವೂ ಅದಕ್ಕೆ ಸೇರಿದ ಕೋಡಿಯ ಮಠವೂ ಇಲ್ಲಿದ್ದುವು. ಶಿಕಾರಿಪುರ ಭಾಗದ ಶಾಸನಗಳನ್ನು ಬಿ. ಎಲ್. ರೈಸ್ ಅವರು ಎಪಿಗ್ರಾಫಿಯ ಕರ್ನಾಟಿಕದ ೭ನೆಯ ಸಂಪುಟದಲ್ಲಿ ೧೯೦೨ರಲ್ಲಿಯೂ, ಸೊರಬ ಭಾಗದವನ್ನು ೮ನೆಯ ಸಂಪುಟದಲ್ಲಿ ೧೯೦೪ರಲ್ಲಿಯೂ ಪ್ರಕಟಿಸಿದರು. ಇವುಗಳ ಪೈಕಿ ಬಿಜ್ಜಳನ ಕಾಲದ, ಕ್ರಿ. ಶ. ೧೧೬೨ರ ಶಾಸನವೊಂದು ಕೋಡಿಯ ಮಠದ ವರ್ಣನೆಗಾಗಿ ವಿದ್ವಾಂಸರಿಗೆ ಸುಪರಿಚಿತವಾಗಿದೆ. ಆ ಮಠದಲ್ಲಿ ವೇದಗಳ ಅಧ್ಯಯನವಿತ್ತು. ಕೌಮಾರ, ಪಾಣಿನೀಯ, ಶಾಕಟಾಯನ ಮೊದಲಾದ ವ್ಯಾಕರಣಗಳ ವ್ಯಾಖ್ಯಾನವಿತ್ತು. ಷಡ್ದರ್ಶನಗಳೂ ಲಾಕುಳಸಿದ್ಧಾಂತವೂ ಪತಂಜಲಿಯ ಯೋಗಶಾಸ್ತ್ರವೂ ಬೋಧಿಸಲ್ಪಡುತ್ತಿದ್ದುವು. ಇಷ್ಟನ್ನು ಹೇಳಿ ಶಾಸನವು ಮುಂದುವರಿದು, ದೀನರು, ಅನಾಥರು, ಕುಂಟರು, ಕುರುಡರು, ಕಿವುಡರು, ಕಥೆ ಹೇಳುವವರು, ಹಾಡುವವರು, ವಾದ್ಯ ಬಾರಿಸುವವರು, ಕೊಳಲೂದುವವರು, ನರ್ತಿಸುವವರು ಮುಂತಾದವರಿಗೆ ಅಲ್ಲಿ ತಡೆಯಿಲ್ಲದೆ ಅನ್ನ ದೊರೆಯುತ್ತಿತ್ತೆಂದು ತಿಳಿಸುತ್ತದೆ. ಅದು ದಿಕ್ಕಿಲ್ಲದ ರೋಗಿಗಳಿಗೆ ಭೈಷಜ್ಯಸ್ಥಾನವಾಗಿತ್ತು. ಸಕಲ ಜೀವಿಗಳಿಗೂ ಅಭಯಪ್ರದಾನಸ್ಥಾನವಾಗಿತ್ತು.

ಈ ಪಟ್ಟಿಯನ್ನು ನಾಲ್ಕೈದು ಸಲ ಓದಿದ ಮೇಲೆ ನಮ್ಮ ಗಮನಕ್ಕೆ ಬಂದ ಸಂಗತಿಯೊಂದುಂಟು. ಕಿವುಡನೂ ವಾದಕನೂ ಒಂದೇ ಪಂಕ್ತಿಯಲ್ಲಿ ಉಣ್ಣುತ್ತಿದ್ದರು. ಯೋಗಶಾಸ್ತ್ರದ ಪಾಠವೂ ಔಷಧದಾನವೂ ಒಂದೇ ಆವರಣದಲ್ಲಿ ನಡೆಯುತ್ತಿದ್ದುವು. ಶಾಸನವು ಯಾವ ರೋಗದ ಹೆಸರನ್ನೂ ಹೇಳಿಲ್ಲ. ಆದಕಾರಣ ಕರ್ಣನಾದಕ್ಕೆ ಅಲ್ಲಿ ಚಿಕಿತ್ಸೆ ನಡೆಯಿತೆಂದು ನಾವು ಹೇಳುವುದಿಲ್ಲ. ಕಿವಿಯೊಳಗಣ ನಾದವನ್ನು ಕುರಿತು ಭಾರತೀಯರು ಮಾತನಾಡಿದ ಎರಡು ಪ್ರಧಾನ ಭಾಷೆಗಳು, ಅಂದರೆ ವೈದ್ಯನ ಭಾಷೆ ಮತ್ತು ಯೋಗಿಯ ಭಾಷೆ, ಒಂದೇ ಸೂರಿನ ಕೆಳಗೆ ಇದ್ದ ಸ್ಥಳ ಇದೆಂಬುದಷ್ಟೇ ನಮಗೆ ಮುಖ್ಯ. ಈ ಎರಡನ್ನೂ ಪ್ರತ್ಯೇಕವಾಗಿ ಪರಿಶೀಲಿಸೋಣ.

ಸುಶ್ರುತಸಂಹಿತೆಯ ಉತ್ತರತಂತ್ರವು ಇಪ್ಪತ್ತೆಂಟು ಕರ್ಣರೋಗಗಳನ್ನು ಎಣಿಸಿ, ಅವುಗಳಲ್ಲಿ ಪ್ರಣಾದ, ಕ್ಷ್ವೇಡ ಎಂಬ ಎರಡನ್ನು ಬೇರೆಬೇರೆಯಾಗಿ ಹೇಳುತ್ತದೆ. ಶಬ್ದವನ್ನು ವಹಿಸುವ ನಾಡಿಗಳಲ್ಲಿ ವಾಯುವು ದಾರಿತಪ್ಪಿ ನಿಂತಾಗ ಮನುಷ್ಯನು ನಾನಾವಿಧವಾದ ಶಬ್ದಗಳನ್ನು ಕೇಳುತ್ತಾನೆ, ಇದು ಪ್ರಣಾದ. ಅದೇ ವಾಯುವು ಕಫದೊಡಗೂಡಿ ನಿಂತು, ರೋಗಿಯು ಪ್ರತೀಕಾರವನ್ನು ಮಾಡಿಕೊಳ್ಳದೆಹೋದರೆ ಕಿವುಡು ಬರುತ್ತದೆ. ಮುಂದೆ ಮಾಧವಕರನ ನಿದಾನಗ್ರಂಥದಲ್ಲಿ ಉಪಮಾನಗಳು ಇನ್ನೂ ಖಚಿತವಾಗುತ್ತವೆ: ಕರ್ಣನಾದದಲ್ಲಿ ಭೇರಿ, ಮೃದಂಗ, ಶಂಖಗಳ ಧ್ವನಿಗಳು, ಕರ್ಣಕ್ಷ್ವೇಡದಲ್ಲಿ ಕೊಳಲಿನಂಥ ಧ್ವನಿ. ದೋಷಗಳ ಸಿದ್ಧಾಂತವನ್ನು ಒಪ್ಪುವುದು ಬಿಡುವುದು ಬೇರೆಯ ಮಾತು. ತಗ್ಗಿನ ಮೊರೆತವನ್ನೂ ಎತ್ತರದ ಸಿಳ್ಳನ್ನೂ ಒಂದೇ ಎನ್ನದೆ, ರೋಗಿಯ ಮಾತನ್ನು ನಂಬಿ, ಆ ಮಾತಿನ ಭೇದವನ್ನೇ ರೋಗದ ಭೇದಕ್ಕೆ ಆಧಾರವಾಗಿ ಸ್ವೀಕರಿಸಿದ ವೈದ್ಯರ ಎಚ್ಚರವು ಮಾತ್ರ ಮೆಚ್ಚತಕ್ಕದ್ದು. ಕರ್ಣರೋಗಗಳಿಗೆಲ್ಲ ಸಾಮಾನ್ಯವೆಂದು ಸುಶ್ರುತನು ಹೇಳುವ ಪಥ್ಯದಲ್ಲಿ ಘೃತಪಾನದ ಜೊತೆಗೆ, ದೇಹವನ್ನು ದಣಿಸದಿರುವುದೂ ಹೆಚ್ಚು ಮಾತನಾಡದಿರುವುದೂ ಸೇರಿವೆ.

ಇನ್ನು ಯೋಗಿಯ ಭಾಷೆ. ಹದಿನೈದನೆಯ ಶತಮಾನದ್ದೆಂದು ತಿಳಿಯಲಾದ, ಸ್ವಾತ್ಮಾರಾಮನ ಹಠಯೋಗಪ್ರದೀಪಿಕೆಯು ನಾಲ್ಕನೆಯ ಉಪದೇಶದಲ್ಲಿ ನಾದಾನುಸಂಧಾನವನ್ನು ವಿವರಿಸುತ್ತದೆ. ಸಾಧಕನು ಕೈಗಳಿಂದ ಕಿವಿಗಳನ್ನು ಮುಚ್ಚಿಕೊಂಡು ಒಳಗಿನ ಧ್ವನಿಯಲ್ಲಿ ಚಿತ್ತವನ್ನು ನಿಲ್ಲಿಸಬೇಕು. ಮೊದಲು ಕಡಲು, ಮೋಡ, ಭೇರಿ, ಝರ್ಝರಗಳ ಧ್ವನಿ. ಮಧ್ಯದಲ್ಲಿ ಮರ್ದಲ, ಶಂಖ, ಘಂಟೆ, ಕಹಳೆಗಳದು. ಕೊನೆಯಲ್ಲಿ ಕಿರುಗೆಜ್ಜೆ, ಕೊಳಲು, ವೀಣೆ, ದುಂಬಿಗಳದು. ಹಂಸೋಪನಿಷತ್ತಿನಲ್ಲಿಯೂ ಹತ್ತು ನಾದಗಳ ಪಟ್ಟಿಯುಂಟು. ಅಲ್ಲಿ ‘ಚಿಣಿ’, ‘ಚಿಂಚಿಣಿ’ ಎಂಬ ಅನುಕರಣ ಶಬ್ದಗಳಿಂದ ಆರಂಭವಾಗಿ ಘಂಟೆ, ಶಂಖ, ತಂತಿ, ತಾಳ, ಕೊಳಲು, ಮೃದಂಗ, ಭೇರಿಗಳನ್ನು ದಾಟಿ ಮೇಘದ ಗುಡುಗಿನಲ್ಲಿ ಪಟ್ಟಿ ಮುಗಿಯುತ್ತದೆ. ಒಂದು ಗ್ರಂಥದಲ್ಲಿ ಸಾಧಕನು ಸ್ಥೂಲದಿಂದ ಸೂಕ್ಷ್ಮಕ್ಕೆ ಹೋದರೆ, ಮತ್ತೊಂದರಲ್ಲಿ ಕಿರುದನಿಯಿಂದ ಘನಧ್ವನಿಗೆ ಏರುತ್ತಾನೆ.

ಈಗ ಎರಡು ಪಟ್ಟಿಗಳನ್ನೂ ಎದುರುಬದುರಾಗಿ ಇಟ್ಟು ನೋಡಬೇಕು. ಭೇರಿ, ಮೃದಂಗ, ಶಂಖ, ಕೊಳಲು: ವೈದ್ಯನು ರೋಗಲಕ್ಷಣವೆಂದು ಎಣಿಸಿದ ಧ್ವನಿಗಳನ್ನೇ ಯೋಗಿಯು ಮೆಟ್ಟಿಲುಗಳೆಂದು ಎಣಿಸಿದ್ದಾನೆ. ಒಬ್ಬನು ಯಾವುದನ್ನು ಹೋಗಲಾಡಿಸಲು ಯತ್ನಿಸಿದನೋ ಅದನ್ನೇ ಇನ್ನೊಬ್ಬನು ಕಿವಿ ಮುಚ್ಚಿ ಹುಡುಕಿದನು. ಇದರಿಂದ ಇಬ್ಬರೂ ಕೇಳಿದ್ದು ಒಂದೇ ಎಂದು ಅವಸರದಿಂದ ತೀರ್ಮಾನಿಸಲಾಗದು. ಇಬ್ಬರೂ ಒಂದೇ ಶಬ್ದಪ್ರಪಂಚದಿಂದ ಉಪಮಾನಗಳನ್ನು ಆಯ್ದುಕೊಂಡರೆಂಬುದು ಮಾತ್ರ ನಿಸ್ಸಂಶಯ. ದೇವಾಲಯದ ಘಂಟೆ ಮದ್ದಳೆಗಳೂ ಯುದ್ಧದ ಭೇರಿ ಕಹಳೆಗಳೂ ಅಂದಿನ ಜನರಿಗೆ ತಿಳಿದಿದ್ದ ಅತಿ ಗಟ್ಟಿಯಾದ ಧ್ವನಿಗಳು. ಬನವಾಸಿ ನಾಡನ್ನು ಆಳಿದ ಹಾನಗಲ್ಲಿನ ಕದಂಬರ ಬಿರುದಾವಳಿಯಲ್ಲಿ ಪೆರ್ಮಟ್ಟಿಯೆಂಬ ವಾದ್ಯದ ಘೋಷವು ಅರಸನ ಹಿರಿಮೆಯ ಗುರುತಾಗಿ ಸೇರಿದೆ. ವೀರಗಲ್ಲುಗಳಿಂದ ತುಂಬಿದ ಸೊರಬದ ಹಳ್ಳಿಗಳಲ್ಲಿ ಆ ಘೋಷವನ್ನು ಕೇಳಿದವರು ಎಷ್ಟು ಮಂದಿಯೋ! ಇಂದಿಗೂ ಈ ಸೀಮೆಯ ಹಬ್ಬಗಳಲ್ಲಿ ಡೊಳ್ಳಿನ ಧ್ವನಿಗೆ ಎದೆ ನಡುಗುವುದುಂಟು. ಕಾಡಿನ ಅಂಚಿನಲ್ಲಿ ವಾಸಿಸುವವರಿಗೆ ಮತ್ತೊಂದು ಉಪಮಾನವು ಸದಾ ಸಿದ್ಧವಾಗಿದೆ, ಅದು ಜೀರುಂಡೆ. ಕಿವಿಯಲ್ಲಿ ಜೀರುಂಡೆ ಕೂಗಿದಂತಾಗುತ್ತದೆಂದು ಮಲೆನಾಡಿನವನು ಹೇಳಿದರೆ, ಪಟ್ಟಣದವನು ಕುಕ್ಕರಿನ ಸಿಳ್ಳೆಂದೋ ಯಂತ್ರದ ಗುಂಯ್‌ಗುಟ್ಟುವಿಕೆಯೆಂದೋ ಹೇಳುತ್ತಾನೆ. ಧ್ವನಿ ಹಳೆಯದು, ಹೋಲಿಕೆ ಹೊಸದು.

ಇಲ್ಲಿ ಬಳ್ಳಿಗಾವೆಯ ಅಲ್ಲಮಪ್ರಭುವಿನ ಹೆಸರು ವಾಚಕರ ಮನಸ್ಸಿಗೆ ಬಾರದಿರದು. ಶಾಸನದ ಕಾಲವೂ ಅಲ್ಲಮನ ಕಾಲವೂ ಒಂದೇ ಶತಮಾನಕ್ಕೆ ಸೇರಿದುವು. ಅಲ್ಲಮನು ಮದ್ದಳೆ ಬಾರಿಸುವುದರಲ್ಲಿ ನಿಪುಣನಾಗಿದ್ದನೆಂದು ಹರಿಹರನ ರಗಳೆ ಹೇಳುತ್ತದೆ; ಹದಿನೈದನೆಯ ಶತಮಾನದ ಚಾಮರಸನು ಪ್ರಭುಲಿಂಗಲೀಲೆಯಲ್ಲಿ ಅವನನ್ನು ಬನವಾಸಿಯ ಮಧುಕೇಶ್ವರನ ಗುಡಿಯಲ್ಲಿ ಮದ್ದಳೆಗಾರನಾಗಿ ಚಿತ್ರಿಸಿದ್ದಾನೆ. ಅಲ್ಲಮನ ವಚನಗಳಲ್ಲಿ ನಾದ, ಬಿಂದು, ಕಳೆ ಎಂಬ ಪರಿಭಾಷೆ ಮತ್ತೆ ಮತ್ತೆ ಬರುತ್ತದೆ. ಮದ್ದಳೆಯ ಗಟ್ಟಿ ಪೆಟ್ಟುಗಳನ್ನು ಬಹುಕಾಲ ಕೇಳಿದವರಿಗೆ ಕಿವಿಮೊರೆತ ಬರಬಹುದೆಂದು ಇಂದಿನ ವಿಜ್ಞಾನವು ಹೇಳುತ್ತದೆ. ಈ ಮೂರನ್ನೂ ಜೋಡಿಸಿ, ಅಲ್ಲಮನ ನಾದವು ಕಿವಿಯ ರೋಗವೇ ಎಂದು ಬರೆಯುವುದು ಬಹಳ ಸುಲಭ. ಆದರೆ ಅದು ಚರಿತ್ರೆಯಾಗದು. ಹರಿಹರ ಚಾಮರಸರು ಬರೆದುದು ಕಾವ್ಯವೇ ಹೊರತು ರೋಗಿಯ ದಿನಚರಿಯಲ್ಲ. ವಚನಗಳ ನಾದವು ತತ್ತ್ವದ ಪರಿಭಾಷೆ. ಅದನ್ನು ಶರೀರದ ಅವಸ್ಥೆಗೆ ಇಳಿಸಲು ನಮ್ಮಲ್ಲಿ ಆಧಾರವಿಲ್ಲ. ಇದಕ್ಕೆ ವಿರುದ್ಧವಾದ ತಪ್ಪೂ ಅಷ್ಟೇ ದೊಡ್ಡದು. ಕಿವಿಮೊರೆತದಿಂದ ನಿದ್ರೆಗೆಟ್ಟು ಬಳಲುವವನಿಗೆ, ಅದು ಅನಾಹತನಾದ, ಪುಣ್ಯದ ಫಲ ಎಂದು ಹೇಳಿ ಕಳುಹಿಸುವುದು ದಯೆಯಲ್ಲ. ಋಷಿಯನ್ನು ರೋಗಿಯೆನ್ನುವುದೂ ರೋಗಿಯನ್ನು ಋಷಿಯೆನ್ನುವುದೂ ಎರಡೂ ಸಲ್ಲದು.

ಧ್ವನಿಯನ್ನು ವರ್ಣಿಸುವ ಈ ಕಷ್ಟವು ನಮ್ಮ ನಾಡಿಗೇ ಮೀಸಲಾದುದಲ್ಲ. ಸಂಗೀತಗಾರ ಬೇಟೋವನ್ನನು ೧೮೦೧ರಲ್ಲಿ ತನ್ನ ವೈದ್ಯಮಿತ್ರ ವೇಗೆಲರನಿಗೆ ಬರೆದ ಪತ್ರದಲ್ಲಿ ತನ್ನ ಕಿವಿಗಳು ಹಗಲಿರುಳೂ ಮೊರೆಯುತ್ತಿವೆಯೆಂದು ತೋಡಿಕೊಂಡನು. ಬೊಹೀಮಿಯದ ಸ್ಮೆಟಾನನು ಮಾತಿನ ಉಪಮಾನವನ್ನೇ ಬಿಟ್ಟು, ತನ್ನ ಕಿವಿಯಲ್ಲಿ ಮೊಳಗಿದ ಎತ್ತರದ ಸ್ವರವನ್ನು ೧೮೭೬ರಲ್ಲಿ ರಚಿಸಿದ ತಂತಿವಾದ್ಯಗಳ ಕೃತಿಯ ಕೊನೆಯ ಭಾಗದಲ್ಲಿ ಪಿಟೀಲಿನ ದೀರ್ಘಸ್ವರವಾಗಿ ಇಟ್ಟನು. ೧೯೫೩ರಲ್ಲಿ ಹೆಲ್ಲರ್ ಮತ್ತು ಬರ್ಗ್‌ಮನ್ ಎಂಬ ಅಮೆರಿಕದ ಸಂಶೋಧಕರು, ಕಿವಿ ಚೆನ್ನಾಗಿದ್ದ ಎಂಬತ್ತು ಜನರನ್ನು ನಿಶ್ಶಬ್ದವಾದ ಕೋಣೆಯಲ್ಲಿ ಕೂರಿಸಿ ಏನು ಕೇಳಿಸುತ್ತದೆಂದು ವಿಚಾರಿಸಿದ ಫಲಿತಾಂಶವನ್ನು ಪ್ರಕಟಿಸಿದರು. ಅವರಲ್ಲಿ ಶೇಕಡ ೯೪ ಮಂದಿಗೆ ಯಾವುದಾದರೊಂದು ಧ್ವನಿ ಕೇಳಿಸಿತ್ತು. ಹೊರಗಿನ ಸದ್ದನ್ನು ತಡೆದರೆ ಒಳಗಿನ ಸದ್ದು ತಲೆದೋರುವುದೆಂಬ ಈ ಸಂಗತಿಯು ಕಿವಿ ಮುಚ್ಚಿ ಕುಳಿತ ಯೋಗಿಗೆ ಬಹಳ ಹಿಂದೆಯೇ ಗೊತ್ತಿತ್ತು. ಹಾಗಾದರೆ ಆರೋಗ್ಯವಂತನಿಗೂ ರೋಗಿಗೂ ಇರುವ ಅಂತರವು ಧ್ವನಿಯ ಇರವಿನಲ್ಲಿ ಮಾತ್ರವಲ್ಲ, ಅದಕ್ಕೆ ಮನಸ್ಸು ಕೊಡುವ ಬೆಲೆಯಲ್ಲಿಯೂ ಇದೆಯೆಂದಾಯಿತು.

ಈ ವಿಷಯದಲ್ಲಿ ನಾವು ಕೇವಲ ತಟಸ್ಥರಲ್ಲವೆಂಬುದನ್ನು ವಾಚಕರಲ್ಲಿ ಒಪ್ಪಿಕೊಳ್ಳಬೇಕು. ಕೆಲವು ವರ್ಷಗಳಿಂದ ನಮ್ಮ ಕಿವಿಯಲ್ಲಿಯೂ ಸಣ್ಣದೊಂದು ಸಿಳ್ಳು ಬಿಡದೆ ನಿಂತಿದೆ. ಮೊದಮೊದಲು ಅದಕ್ಕೊಂದು ಹೆಸರಿಡಲೂ ನಮಗೆ ತಿಳಿಯಲಿಲ್ಲ. ‘ಏನೋ ಶಬ್ದ’ ಎಂದು ಹೇಳಿದಾಗ ಕೇಳಿದವರು ನಕ್ಕು ಸುಮ್ಮನಾಗುತ್ತಿದ್ದರು. ಕ್ಷ್ವೇಡದ ಲಕ್ಷಣವನ್ನು ಪುಸ್ತಕದಲ್ಲಿ ಓದಿದ ದಿನ ಶಬ್ದವು ಕಡಿಮೆಯಾಗಲಿಲ್ಲ, ಆದರೆ ಒಂಟಿತನವು ಕಡಿಮೆಯಾಯಿತು. ಸಾವಿರ ವರ್ಷಗಳಿಗೂ ಹಿಂದೆ ಯಾರೋ ಒಬ್ಬನು ತನ್ನ ವೈದ್ಯನೆದುರು ಕುಳಿತು ‘ಕೊಳಲಿನಂತೆ’ ಎಂದಿರಬೇಕು. ಆ ವೈದ್ಯನು ನಗದೆ ಅದನ್ನು ಮನಸ್ಸಿನಲ್ಲಿಟ್ಟುಕೊಂಡಿರಬೇಕು.

ಇಂದಿನ ತಿಳಿವಳಿಕೆಯಂತೆ ಕರ್ಣನಾದವು ಬಹುಮಟ್ಟಿಗೆ ಶ್ರವಣಶಕ್ತಿಯ ಕುಂದಿನೊಡನೆ ಸೇರಿ ಬರುತ್ತದೆ. ಒಳಗಿವಿಯ ಸೂಕ್ಷ್ಮ ರೋಮಕೋಶಗಳು ವಯಸ್ಸಿನಿಂದಲೋ ಗದ್ದಲದಿಂದಲೋ ಕೆಲವು ಔಷಧಗಳಿಂದಲೋ ನಷ್ಟವಾದಾಗ, ಕಡಿಮೆಯಾದ ಸಂಜ್ಞೆಯನ್ನು ಮಿದುಳು ತಾನೇ ಹೆಚ್ಚಿಸಿಕೊಳ್ಳಲು ಹೊರಟು ಇಲ್ಲದ ಧ್ವನಿಯನ್ನು ಕೇಳುತ್ತದೆಂದು ವಿದ್ವಾಂಸರು ಭಾವಿಸುತ್ತಾರೆ. ೨೦೨೨ರಲ್ಲಿ ಪ್ರಕಟವಾದ ಜಾಗತಿಕ ಸಮೀಕ್ಷೆಯೊಂದರ ಪ್ರಕಾರ ವಯಸ್ಕರಲ್ಲಿ ಶೇಕಡ ಸುಮಾರು ೧೪ ಮಂದಿಗೆ ಇದರ ಅನುಭವವಿದೆ. ಒಂದೇ ಕಿವಿಯಲ್ಲಿ ಉಂಟಾಗುವ ಧ್ವನಿ, ನಾಡಿಯೊಡನೆ ಮಿಡಿಯುವ ಧ್ವನಿ, ಹಠಾತ್ತಾಗಿ ಬಂದ ಕಿವುಡಿನೊಡನೆ ತೋರುವ ಧ್ವನಿ, ಇವನ್ನು ತಡಮಾಡದೆ ವೈದ್ಯರಿಗೆ ತೋರಿಸಬೇಕು. ಅಲ್ಲಿ ರೋಗಿಯ ವರ್ಣನೆಯೇ ಮೊದಲ ಪರೀಕ್ಷೆ. ಉಳಿದವರಲ್ಲಿ ಅನೇಕರಿಗೆ ಶಬ್ದವನ್ನು ಅಳಿಸುವ ಔಷಧವಿಲ್ಲ. ಶ್ರವಣಯಂತ್ರ, ಮೃದುವಾದ ಹಿನ್ನೆಲೆಯ ಧ್ವನಿ, ತಿಳಿಯಹೇಳುವ ಸಮಾಲೋಚನೆ ಇವುಗಳ ನೆರವಿನಿಂದ ಮನಸ್ಸು ಆ ಧ್ವನಿಗೆ ಒಗ್ಗಿ, ಅದನ್ನು ಗಮನಿಸುವುದನ್ನೇ ಬಿಡುವಂತೆ ಮಾಡುವುದು ಇಂದಿನ ಚಿಕಿತ್ಸೆಯ ಗುರಿ. ಕಿವಿಗೆ ಅಪಾಯವಿಲ್ಲವೆಂದು ಪರೀಕ್ಷಿಸಿ ತಿಳಿದ ಮೇಲೆ ವೈದ್ಯನು ರೋಗಿಗೆ ಕೊಡುವ ಮೊದಲನೆಯ ವಸ್ತು ಭರವಸೆ.

ಭರವಸೆಯೆಂಬ ಮಾತಿಗೆ ಬಂದಾಗ ಕೋಡಿಯ ಮಠದ ಕಲ್ಲು ಮತ್ತೆ ನೆನಪಾಗುತ್ತದೆ. ಅಲ್ಲಿ ಅನ್ನದಾನವನ್ನು ಹೇಳಿ, ಭೈಷಜ್ಯವನ್ನು ಹೇಳಿ, ಅದರ ಮುಂದೆಯೇ ಅಭಯವನ್ನು ಹೇಳಿದ್ದಾರೆ. ಔಷಧವೊಂದರಿಂದ ಮುಗಿಯದ ವ್ಯಥೆಗಳುಂಟೆಂಬ ಅರಿವು ಆ ಕ್ರಮದಲ್ಲಿ ಅಡಗಿದೆಯೆಂದು ನಮಗೆ ತೋರುತ್ತದೆ. ಇದು ನಮ್ಮ ಊಹೆ, ವಾಚಕರು ಬೇಕಾದರೆ ಒಪ್ಪಬಹುದು. ಊಹೆಯಲ್ಲದ ಕೆಲಸವೊಂದು ವಿದ್ಯಾರ್ಥಿಗಳಿಗೆ ಉಳಿದಿದೆ. ಶಿಕಾರಿಪುರ ಸೊರಬಗಳ ಹಳ್ಳಿಗಳಲ್ಲಿ ಹಿರಿಯರು ತಮ್ಮ ಕಿವಿಯ ಧ್ವನಿಯನ್ನು ಯಾವ ಯಾವ ಮಾತುಗಳಿಂದ ಹೇಳುತ್ತಾರೆಂಬುದನ್ನು, ಅವರ ಹೆಸರನ್ನು ಬಯಲಿಗಿಡದೆ, ಬರೆದಿಟ್ಟುಕೊಳ್ಳಬಹುದು. ಶಾಸನಗಳನ್ನು ಸಂಗ್ರಹಿಸಿದವರು ಕಲ್ಲಿನ ಮಾತನ್ನು ಉಳಿಸಿದರು. ಕಿವಿಯೊಳಗಣ ಮಾತನ್ನು ಕೇಳಿ ಉಳಿಸುವವರು ಇನ್ನು ಬರಬೇಕಾಗಿದೆ. ಹಾಗೆ ಕೇಳುವಾಗ ನಗದಿರುವುದೇ ಆ ಕೆಲಸದ ಮೊದಲ ನಿಯಮ.