ವಚನಾಧ್ಯಯನ: ತಾಳೆಗರಿಯಿಂದ ಜಾಲತಾಣಕ್ಕೆ

ಶತಮಾನಗಳ ಕಾಲ ಶರಣರ ವಚನಗಳು ಮಠ-ಮನೆಗಳ ತಾಳೆಗರಿಯ ಕಟ್ಟುಗಳಲ್ಲಿ ಅಡಗಿದ್ದವು. ವಿಜಾಪುರದಲ್ಲಿ ವಕೀಲರಾಗಿದ್ದ ವಚನ ಪಿತಾಮಹ ಫ. ಗು. ಹಳಕಟ್ಟಿಯವರು ಅವನ್ನು ಅರಸಿ ಸಂಗ್ರಹಿಸಿ, 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಹೊರತಂದರು, ಮುದ್ರಣಾಲಯಕ್ಕಾಗಿ ಸ್ವಂತ ಮನೆಯನ್ನೇ ಮಾರಿದರು. 1993ರಲ್ಲಿ ಕರ್ನಾಟಕ ಸರ್ಕಾರವು ಸಮಗ್ರ ವಚನಗಳನ್ನು 15 ಸಂಪುಟಗಳಲ್ಲಿ ಪ್ರಕಟಿಸಿತು.

ಆದರೂ ನರಗುಂದದಂತಹ ಊರಿನ ಕಾಲೇಜು ವಿದ್ಯಾರ್ಥಿಯೊಬ್ಬನು ಒಂದೇ ಒಂದು ಪದದ ಜಾಡು ಹಿಡಿಯಬೇಕಾದರೆ ಅಷ್ಟೂ ಸಂಪುಟಗಳನ್ನು ತಿರುವಬೇಕಿತ್ತು. ‘ವಚನ ಸಂಚಯ’ ಜಾಲತಾಣವು ಈ ಶ್ರಮವನ್ನು ನೀಗಿತು. 20 ಸಾವಿರಕ್ಕೂ ಮಿಗಿಲಾದ ವಚನಗಳಲ್ಲಿ ‘ಕಾಯಕ’ ಎಂಬ ಪದ ಯಾವ ಶರಣರಲ್ಲಿ ಬಂದಿದೆಯೆಂಬುದನ್ನು ಅಲ್ಲಿ ಕ್ಷಣದಲ್ಲಿ ಕಾಣಬಹುದು. ಹಳಕಟ್ಟಿಯವರು ಇದನ್ನು ಕಂಡಿದ್ದರೆ ಎಷ್ಟು ಹಿಗ್ಗುತ್ತಿದ್ದರೋ!

ಆದರೆ ಕನ್ನಡದ ಪದವು ವಿಭಕ್ತಿ, ಸಂಧಿಗಳಲ್ಲಿ ರೂಪಾಂತರ ಹೊಂದುತ್ತದೆ. ‘ಕಾಯಕವೆ’, ‘ಕಾಯಕದಲ್ಲಿ’ ಎಂಬಿವನ್ನೂ ಹುಡುಕದೆ ಮಾಡಿದ ಎಣಿಕೆ ಪೂರ್ಣವಾಗದು. ಇನ್ನು ಒಂದೇ ವಚನ ಎರಡು ಅಂಕಿತಗಳಲ್ಲಿ ದೊರೆತಾಗ ಅದು ಯಾರದೆಂಬ ನಿರ್ಣಯವು ಹಸ್ತಪ್ರತಿಗಳನ್ನು ಬಲ್ಲ ವಿದ್ವಾಂಸರದೇ.